ಅಡಿಯಲ್ಲಿ ಗೂಡು ಕಟ್ಟಿದರೆ ಮೇಲಿನ ದಾರ ನೋಡಿ: ಮಶೀನಿನಲ್ಲಿ ಕೌದಿ ಹೊಲಿಯುವವರಿಗೆ

ಜುಲೈ ತಿಂಗಳು. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಮೂರು ದಿನದಿಂದ ಬಿಡದ ಮಳೆ. ತಮ್ಮನ ಮಗಳ ಬಾಣಂತನ ಧಾರವಾಡದಲ್ಲಿ ನಡೆದಿತ್ತು. ಅವ್ವನ ಹಳೇ ಇಳಕಲ್ ಸೀರೆಯಲ್ಲಿ ಕೂಸಿಗೆ ಒಂದು ಕೌದಿ ಹೊಲಿದುಕೊಂಡು ಬರುತ್ತೇನೆ ಅಂತ ಫೋನಿನಲ್ಲಿ ದೊಡ್ಡದಾಗಿ ಹೇಳಿಬಿಟ್ಟಿದ್ದೆ. ಟಿಕೆಟ್ ಶನಿವಾರದ್ದು, ನಾನು ಮಶೀನಿನ ಮುಂದೆ ಕೂತದ್ದು ಬುಧವಾರ. ಮೇಲಿಂದ ನೋಡಿದರೆ ಹೊಲಿಗೆ ಮುತ್ತು ಪೋಣಿಸಿದ ಹಾಗೆ ಬರುತ್ತಿತ್ತು. ಅರ್ಧ ಗಜ ಹೊಲಿದು ತಿರುವಿ ನೋಡಿದೆ. ಅಡಿಯಲ್ಲಿ ಗುಬ್ಬಿ ಗೂಡು!

ಆ ಮೂರು ದಿನದಲ್ಲಿ ಒಂದಾದ ಮೇಲೊಂದು ಮೂರು ಬೇರೆ ಬೇರೆ ತೊಂದರೆ ಬಂದವು. ನನ್ನ ಕೈ ಮಾತ್ರ ಮತ್ತೆ ಮತ್ತೆ ಹೋದದ್ದು ಟೆನ್ಷನ್ ತಿರುಗಣಿಗೆ, ಅಂದರೆ ಮೇಲಿನ ದಾರದ ಬಿಗಿ ಹೆಚ್ಚು ಕಡಿಮೆ ಮಾಡುವ ಗುಂಡಿಗೆ. ಮೂರರಲ್ಲಿ ಒಂದಕ್ಕೂ ಅದು ಕಾರಣ ಆಗಿರಲಿಲ್ಲ. ಹಾಗಾಗಿ ಯಾವ ಲಕ್ಷಣಕ್ಕೆ ಎಲ್ಲಿ ನೋಡಬೇಕು ಅನ್ನುವುದನ್ನು ನಾನು ಕಲಿತ ಕ್ರಮದಲ್ಲೇ ಬರೆಯುತ್ತಿದ್ದೇನೆ. ಟೆನ್ಷನ್ ತಿರುಗಣಿಯ ಸರದಿ ಎರಡು ಬಣ್ಣದ ಪಟ್ಟಿ ಹೊಲಿದು ನೋಡಿದ ಮೇಲೆ ಬರುತ್ತದೆ, ಅಲ್ಲಿವರೆಗೆ ದಯವಿಟ್ಟು ಅದನ್ನು ಮುಟ್ಟಬೇಡಿ.

ಅಡಿಯಲ್ಲಿ ದಾರದ ಗೂಡು

ಗೂಡು ಅಡಿಯಲ್ಲಿದೆ, ಅಡಿಯಲ್ಲಿ ಇರುವುದು ಬಾಬಿನ್, ಅಂದರೆ ಅಡಿಯ ದಾರ ಸುತ್ತಿದ ಪುಟ್ಟ ಉರುಳೆ, ಹಾಗಾದರೆ ತಪ್ಪು ಬಾಬಿನ್ನಿನದು. ನಾನೂ ಹೀಗೇ ಲೆಕ್ಕ ಹಾಕಿ ಬಾಬಿನ್ ಕೇಸಿನ ಪುಟ್ಟ ಸ್ಕ್ರೂ ತಿರುವಿದೆ. ಇನ್ನೂ ಜಾಸ್ತಿ ಆಯಿತು. ಮೇಲಿನ ಟೆನ್ಷನ್ ನಾಲ್ಕರಿಂದ ಏಳಕ್ಕೆ ಏರಿಸಿದೆ, ಆದರೂ ಗೂಡು ಹೋಗಲಿಲ್ಲ. ಎಷ್ಟು ತಿರುವಿದರೂ ಒಂದಿಷ್ಟೂ ಫರಕು ಬರುತ್ತಿಲ್ಲ ಅಂದಾಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಸ್ಟೇಷನ್ ಹತ್ತಿರದ ರಿಪೇರಿಯವರಿಗೆ ಫೋನ್ ಮಾಡಿದೆ.

ಅವರು ಒದ್ದೆ ರೇನ್‌ಕೋಟಿನಲ್ಲೇ ಬಂದರು. ಚೀಲ ಬಿಚ್ಚಲೇ ಇಲ್ಲ. ಪಾದ, ಅಂದರೆ ಪ್ರೆಸ್ಸರ್ ಫೂಟ್, ಮೇಲೆತ್ತಿದರು. ಮೇಲಿನ ದಾರ ಪೂರ್ತಿ ಹೊರಗೆಳೆದು ಮೊದಲಿಂದ ಹಾಕಿದರು. ಪಾದ ಇಳಿಸಿ ನಾಲ್ಕು ಬೆರಳು ಹೊಲಿದು ತೋರಿಸಿದರು. ಗೂಡಿಲ್ಲ! ಮುನ್ನೂರು ರೂಪಾಯಿ, ಜೊತೆಗೆ ಒಂದು ಕಪ್ ಚಹಾ.

ಆಗಿದ್ದು ಇಷ್ಟೇ. ಮೇಲಿನ ದಾರ ಎರಡು ಪುಟ್ಟ ತಟ್ಟೆಗಳ ನಡುವೆ ಹಾದು ಬರಬೇಕು, ಅದನ್ನು ಹಿಡಿದು ಬಿಗಿ ಕೊಡುವುದೇ ಆ ತಟ್ಟೆಗಳು. ಪಾದ ಮೇಲಿದ್ದಾಗ ಅವು ಬಾಯಿ ತೆರೆದಿರುತ್ತವೆ, ಪಾದ ಇಳಿದಾಗ ಮುಚ್ಚುತ್ತವೆ. ನಾನು ಪಾದ ಇಳಿಸಿಟ್ಟು ದಾರ ಹಾಕಿದ್ದೆ. ದಾರ ತಟ್ಟೆಗಳ ಒಳಗೆ ಹೋಗದೆ ಮೇಲೇ ಕೂತಿತ್ತು. ಸೂಜಿ ಒಂದೊಂದು ಸಲ ಇಳಿದಾಗಲೂ ಅಡಿಯಲ್ಲಿ ತಿರುಗುವ ಕೊಕ್ಕೆ, ಅಂದರೆ ಶಟಲ್, ಮೇಲಿನ ದಾರವನ್ನು ಹಿಡಿದು ಬಾಬಿನ್ ಸುತ್ತ ಒಂದು ಸುತ್ತು ತರುತ್ತದೆ. ಆಮೇಲೆ ಮಿಕ್ಕ ದಾರ ಮೇಲಕ್ಕೆ ವಾಪಸ್ ಹೋಗಬೇಕು. ಮೇಲೆ ಹಿಡಿತವೇ ಇಲ್ಲದಿದ್ದರೆ ಅದು ಅಡಿಯಲ್ಲೇ ಉಳಿಯುತ್ತದೆ, ಉಳಿದದ್ದೇ ಗೂಡು. ಗೂಡಿನ ದಾರ ಬಾಬಿನ್ನಿನದಲ್ಲ, ಮೇಲಿನ ರೀಲಿನದು. ಎರಡಕ್ಕೂ ಒಂದೇ ಬಣ್ಣದ ದಾರ ಹಾಕಿದ್ದರೆ ಇದು ಕಣ್ಣಿಗೆ ಗೊತ್ತೇ ಆಗುವುದಿಲ್ಲ.

ರಿಪೇರಿಯವರು ಹೋಗುವ ಮುಂಚೆ ಕಲಿಸಿಕೊಟ್ಟ ಪರೀಕ್ಷೆ ಒಂದಿದೆ. ದಾರ ಹಾಕಿ, ಪಾದ ಮೇಲೆತ್ತಿ, ದಾರವನ್ನು ಮೆಲ್ಲಗೆ ಎಳೆಯಿರಿ. ಸಲೀಸಾಗಿ ಬರಬೇಕು. ಈಗ ಪಾದ ಇಳಿಸಿ ಎಳೆಯಿರಿ. ಹಟ ಮಾಡಬೇಕು, ಸೂಜಿಯೇ ಸ್ವಲ್ಪ ಬಾಗಬೇಕು. ಎರಡು ಸಲವೂ ಸಲೀಸಾಗಿ ಬಂದರೆ ದಾರ ತಟ್ಟೆಯೊಳಗೆ ಇಲ್ಲ ಅಂತಲೇ ಅರ್ಥ. ಹತ್ತು ಸೆಕೆಂಡಿನ ಕೆಲಸ. ದಾರ ಸರಿಯಾಗಿ ಹಾಕಿದ ಮೇಲೂ ಹಿಡಿತ ಬರದಿದ್ದರೆ ತಟ್ಟೆಗಳ ನಡುವೆ ಹತ್ತಿಯ ಜುಂಗು ಕೂತಿರಬಹುದು. ಪಾದ ಎತ್ತಿ, ದಪ್ಪ ಹತ್ತಿ ದಾರವನ್ನು ನಡುವೆ ಹಾಯಿಸಿ ಹಿಂದೆ ಮುಂದೆ ಆಡಿಸಿ. ನನ್ನ ಮಶೀನಿನಿಂದ ಹೆಸರುಕಾಳಿನಷ್ಟು ಹಳದಿ ಜುಂಗು ಬಂತು. ಹಳದಿ ಬಟ್ಟೆ ಹೊಲಿದು ಒಂದು ವರ್ಷದ ಮೇಲಾಗಿತ್ತು!

ಹೊಲಿಗೆ ಶುರುವಾಗುವ ಜಾಗದಲ್ಲಿ ಮಾತ್ರ ಗೂಡು, ಮುಂದೆ ಎಲ್ಲಾ ಸರಿ, ಅಂತಿದ್ದರೆ ಅದು ಬೇರೆ. ಬಾಬಿನ್ ದಾರವನ್ನು ಮೇಲೆ ಎಳೆದುಕೊಂಡು, ಎರಡೂ ತುದಿ ಕೈಯಲ್ಲಿ ಹಿಡಿದು ಮೊದಲ ಮೂರ್ನಾಲ್ಕು ಹೊಲಿಗೆ ಹಾಕಿ. ಅಷ್ಟು ಸಾಕು.

ಎರಡು ಬಣ್ಣದ ಪಟ್ಟಿ

ಇದಾದ ಮೇಲೆ ಪ್ರತಿ ಕೌದಿಗೂ ಮೊದಲು ಒಂದು ಪಟ್ಟಿ ಹೊಲಿಯುತ್ತೇನೆ. ಒಂದು ಗೇಣು ಉದ್ದ, ನಾಲ್ಕು ಬೆರಳು ಅಗಲ. ಅದೇ ಮೇಲ್ಬಟ್ಟೆ, ಅದೇ ಒಳಪದರ, ಅದೇ ಅಡಿಯ ಬಟ್ಟೆ. ಒಂದೇ ಪದರದ ಮೇಲೆ ನೋಡಿ ಸರಿಮಾಡಿದ ಟೆನ್ಷನ್ ಕೌದಿಯ ದಪ್ಪಕ್ಕೆ ಉಪಯೋಗ ಇಲ್ಲ. ಮೇಲೆ ಕೆಂಪು ದಾರ, ಬಾಬಿನ್ನಿಗೆ ಬಿಳಿ. ಒಂದು ಗೆರೆ ಹೊಲಿದು ಎರಡೂ ಕಡೆ ಕಣ್ಣಿಗೆ ಹತ್ತಿರ ಹಿಡಿದು ನೋಡಿ.

ಮೇಲೆ ಬರೀ ಕೆಂಪು, ಅಡಿಯಲ್ಲಿ ಬರೀ ಬಿಳಿ ಕಂಡರೆ ಎರಡು ದಾರಗಳ ಗಂಟು ಪದರಗಳ ನಡುವೆ ಬಚ್ಚಿಟ್ಟುಕೊಂಡಿದೆ, ಬೇಕಾದದ್ದೂ ಅದೇ. ಅಡಿಯಲ್ಲಿ ಕೆಂಪು ಚುಕ್ಕೆ ಅಥವಾ ಕುಣಿಕೆ ಕಂಡರೆ ಮೇಲಿನ ದಾರ ಸಡಿಲ. ಮೇಲೆ ಬಿಳಿ ಚುಕ್ಕೆ ಕಂಡರೆ ಮೇಲಿನದು ಜಾಸ್ತಿ ಬಿಗಿ, ಇಲ್ಲವೇ ಬಾಬಿನ್ ಸಡಿಲ. ಬಾಬಿನ್ನಿನಲ್ಲಿ ದಾರ ಅಲ್ಲಲ್ಲಿ ಉಬ್ಬಿ ಮೆತ್ತಗೆ ಸುತ್ತಿಕೊಂಡಿದ್ದರೂ ಹೀಗೇ ಆಗುತ್ತದೆ. ಬೆರಳಿನಿಂದ ಒತ್ತಿ ನೋಡಿ. ಬೆರಳು ಒಳಗೆ ಹೋದರೆ ಸುಮ್ನೆ ಬಿಚ್ಚಿ ಮತ್ತೆ ಸುತ್ತಿ.

ಬಾಬಿನ್ ಕೇಸ್ ಹೊರಗೆ ಬರುವ ಮಶೀನಾದರೆ ಅದನ್ನು ದಾರದಿಂದ ತೂಗಿಬಿಟ್ಟು ಕೈ ಮೆಲ್ಲಗೆ ಜಗ್ಗಿ. ಸ್ವಲ್ಪ ಜಾರಿ ನಿಲ್ಲಬೇಕು. ದಬಕ್ಕನೆ ಕೆಳಗೆ ಬಿದ್ದರೆ ಸಡಿಲ, ಅಲ್ಲಾಡದೆ ನೇತಾಡಿದರೆ ಬಿಗಿ. ಸ್ಕ್ರೂ ಮುಟ್ಟುವ ಮೊದಲು ಅದು ಈಗ ಎಲ್ಲಿದೆ ಅಂತ ಸ್ಕೆಚ್ ಪೆನ್ನಿನಿಂದ ಒಂದು ಗುರುತು ಹಾಕಿಡಿ. ತಿರುವುವುದಾದರೆ ಗಡಿಯಾರದ ನಿಮಿಷದ ಮುಳ್ಳು ಐದು ನಿಮಿಷ ಹೋಗುವಷ್ಟು ಮಾತ್ರ. ನಾನು ಗುರುತು ಹಾಕದೆ ತಿರುವಿದ್ದಕ್ಕೆ ಆಮೇಲೆ ಅದನ್ನು ಮೊದಲಿನ ಜಾಗಕ್ಕೆ ತರಲು ಒಂದು ಇಡೀ ಸಂಜೆ ಹೋಯಿತು.

ಈಗ ಬೇಕಾದರೆ ಮೇಲಿನ ತಿರುಗಣಿಗೆ ಕೈ ಹಾಕಿ. ಒಂದು ಸಲಕ್ಕೆ ಅರ್ಧ ನಂಬರ್. ಪಟ್ಟಿಯ ಮೇಲೆ ಹೊಲಿಗೆಯ ಪಕ್ಕದಲ್ಲೇ ಪೆನ್ನಿನಿಂದ ಆ ನಂಬರ್ ಬರೆಯಿರಿ, ಇಲ್ಲದಿದ್ದರೆ ಐದನೇ ಗೆರೆ ಹೊತ್ತಿಗೆ ಯಾವುದು ಯಾವುದಕ್ಕೆ ಅಂತ ಮರೆತೇ ಹೋಗುತ್ತದೆ.

ಹೊಲಿಗೆ ಹಾರುವುದು

ಗುರುವಾರ ಬೆಳಿಗ್ಗೆ ಎರಡು ಗೆರೆ ಚೆನ್ನಾಗಿ ಹೋಯಿತು, ಮೂರನೆಯದರಲ್ಲಿ ಸೂಜಿ ಮುರಿಯಿತು. ತೇಪೆಗಳು ಸೇರುವ ಮೂಲೆಯಲ್ಲಿ ಆರೇಳು ಪದರ ಒಟ್ಟಿಗೆ ಬಂದಿದ್ದವು, ಅದರ ಮೇಲೆ ಜೋರಾಗಿ ಓಡಿಸಿದ್ದೆ. ಅಂಥ ಗುಡ್ಡ ಬಂದಾಗ ಪೆಡಲ್ ಬಿಟ್ಟು ಚಕ್ರವನ್ನು ಕೈಯಿಂದ ತಿರುವಿ ದಾಟಿಸಬೇಕು. ಪಾದ ಓರೆಯಾಗಿ ನಿಂತರೆ ಅದರ ಹಿಂದೆ ಮಡಿಸಿದ ಬಟ್ಟೆ ಚೂರೊಂದನ್ನು ಸಿಕ್ಕಿಸಿ ಮಟ್ಟ ಮಾಡಿಕೊಳ್ಳಬೇಕು. ಗೊತ್ತಿದ್ದೂ ಮಾಡಲಿಲ್ಲ.

ಮಗ ಮಳೆಯಲ್ಲೇ ಹೋಗಿ ಸೂಜಿ ತಂದ. ಹೊಸ ಸೂಜಿ ಹಾಕಿದ ಮೇಲೆ ಹೊಲಿಗೆ ಹಾರತೊಡಗಿತು. ನಾಲ್ಕು ಹೊಲಿಗೆ ಸರಿ, ಆಮೇಲೆ ಒಂದು ಉದ್ದ ತೇಲು ದಾರ, ಮತ್ತೆ ಎರಡು ಸರಿ. ಹೊಸ ಸೂಜಿ ಅಲ್ವಾ, ಅದರ ಮೇಲೆ ಅನುಮಾನವೇ ಬರಲಿಲ್ಲ. ಮತ್ತೆ ಟೆನ್ಷನ್ ತಿರುವಿದೆ. ದಾರ ಬದಲಿಸಿದೆ. ದಾರದ ದಾರಿ ಮೂರು ಸಲ ನೋಡಿದೆ. ಮಧ್ಯಾಹ್ನ ಊಟ ಮಾಡುವಾಗ, ಮುರಿದ ಸೂಜಿಯ ಮೇಲ್ತುಂಡು ಬಟ್ಟಲಲ್ಲಿ ಬಿದ್ದಿತ್ತು, ಸುಮ್ನೆ ಕೈಗೆ ತೆಗೆದುಕೊಂಡೆ. ಅದರ ತಲೆ ಒಂದು ಕಡೆ ಚಪ್ಪಟೆ. ಹೊಸದರದ್ದು ಪೂರ್ತಿ ಗುಂಡಗೆ.

ಮಗ ಅಂಗಡಿಯಲ್ಲಿ ‘ಹದಿನಾರು ನಂಬರ್ ಸೂಜಿ’ ಅಂತಷ್ಟೇ ಕೇಳಿದ್ದ. ಅಂಗಡಿಯವರು ಕೊಟ್ಟದ್ದು ಹದಿನಾರೇ, ಆದರೆ ಕಾರ್ಖಾನೆ ಮಶೀನಿನದು. ಮನೆ ಮಶೀನಿಗೆ ಬೇಕಾದದ್ದು ಚಪ್ಪಟೆ ಬೆನ್ನಿನ ಸೂಜಿ, ಪೊಟ್ಟಣದ ಮೇಲೆ ಎಚ್‌ಎ ಅಂತ ಇರುತ್ತದೆ. ಡಿಬಿ ಅಂತ ಇದ್ದರೆ ಅದು ಗುಂಡು ತಲೆಯದು, ದೊಡ್ಡ ಟೇಲರಿಂಗ್ ಮಶೀನಿಗೆ. ಆ ತಲೆ ಸಣ್ಣದು, ಹಾಗಾಗಿ ನಮ್ಮ ಮಶೀನಿನ ತೂತಿನೊಳಗೂ ಹೋಗುತ್ತದೆ, ಸ್ಕ್ರೂ ಕೂಡ ಹಿಡಿಯುತ್ತದೆ. ತೊಂದರೆ ಇರುವುದೇ ಅಲ್ಲಿ. ಹೋಗುವುದೇ ಇಲ್ಲ ಅಂದಿದ್ದರೆ ಅರ್ಧ ದಿನ ಉಳಿಯುತ್ತಿತ್ತು.

ಸೂಜಿ ಕೆಳಗೆ ಹೋಗಿ ಒಂದು ಕೂದಲಷ್ಟು ಮೇಲೇಳುವಾಗ ಅದರ ಬೆನ್ನ ಹಿಂದೆ ದಾರದ ಪುಟ್ಟ ಕುಣಿಕೆ ಏಳುತ್ತದೆ. ಶಟಲ್ಲಿನ ಚೂಪು ತುದಿ ಆ ಕುಣಿಕೆಗೆ ಸಿಕ್ಕಬೇಕು, ಸಿಕ್ಕದಿದ್ದರೆ ಆ ಹೊಲಿಗೆ ಹಾರಿತು. ಸೂಜಿ ಸ್ವಲ್ಪ ಬಾಗಿದ್ದರೂ, ಪೂರ್ತಿ ಮೇಲಕ್ಕೆ ತಳ್ಳಿ ಸ್ಕ್ರೂ ಬಿಗಿ ಮಾಡಿರದಿದ್ದರೂ, ತಿರುಗಿ ಕೂತಿದ್ದರೂ ಕುಣಿಕೆ ತಪ್ಪುತ್ತದೆ. ಯಾವ ಮಶೀನಾದರೂ ನೆನಪಿಡಲು ಸುಲಭದ ಗುರುತು ಹೇಳುತ್ತೇನೆ. ಸೂಜಿಗೆ ಒಂದು ಕಡೆ ಉದ್ದಕ್ಕೂ ಕಾಲುವೆಯಂಥ ಒಂದು ಗೀರು ಇರುತ್ತದೆ, ಉಗುರಿಗೆ ಸಿಗುತ್ತದೆ. ದಾರ ಪೋಣಿಸುವಾಗ ಅದು ಆ ಗೀರಿನ ಕಡೆಯಿಂದಲೇ ಒಳಗೆ ಹೋಗಬೇಕು, ಚಪ್ಪಟೆ ಬೆನ್ನು ಅದರ ಎದುರು ಕಡೆ.

ಬಾಗಿದೆಯೋ ಇಲ್ಲವೋ ನೋಡಲು ಚಪ್ಪಟೆ ಕಡೆಯನ್ನು ಕನ್ನಡಿಯ ಮೇಲೆ ಇಡಿ. ಸೂಜಿಗೂ ಕನ್ನಡಿಗೂ ನಡುವಿನ ಸಂದು ಕೊನೆಯವರೆಗೂ ಒಂದೇ ಸಮ ಇರಬೇಕು. ತುದಿ ಮೊಂಡಾಗಿದ್ದರೆ ಬಟ್ಟೆ ಚುಚ್ಚುವಾಗ ಡುಬ್ ಡುಬ್ ಅಂತ ಸದ್ದು ಬರುತ್ತದೆ, ಒಮ್ಮೆ ಕಿವಿಗೆ ಬಿದ್ದರೆ ಮರೆಯುವುದಿಲ್ಲ. ಎಂಟು ಗಂಟೆ ಹೊಲಿದ ಮೇಲೆ ಸೂಜಿ ಬದಲಿಸಿ ಅನ್ನುತ್ತಾರೆ, ನಾನು ಗಂಟೆ ಲೆಕ್ಕ ಇಡುವವಳಲ್ಲ, ಒಂದು ಕೌದಿಗೆ ಒಂದು ಸೂಜಿ ಅಂತ ಮಾಡಿಕೊಂಡಿದ್ದೇನೆ. ತೆಳು ಒಳಪದರದ ಕೌದಿಗೆ ಹದಿನಾಲ್ಕು, ನಾಲ್ಕೈದು ಪದರ ಸೀರೆಗೆ ಹದಿನಾರು.

ದಾರ ತುಂಡಾದರೆ

ಇಲ್ಲಿ ಮಳೆಗಾಲದ ಪಾಲೂ ಇದೆ. ಮುಂಬೈ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನಲ್ಲಿಟ್ಟ ಪಾಪಡ್ ಕೂಡ ಮೆತ್ತಗಾಗುತ್ತದೆ, ವರ್ಷಗಟ್ಟಲೆ ತೇವದಲ್ಲಿ ಬಿದ್ದ ಹಳೇ ಹತ್ತಿ ದಾರ ಗಟ್ಟಿ ಉಳಿಯುತ್ತದೆಯೇ? ಒಂದು ಮೊಳ ದಾರ ಎರಡೂ ಕೈಯಲ್ಲಿ ಹಿಡಿದು ಜಗ್ಗಿ. ಟಪ್ ಅಂತ ಸದ್ದು ಮಾಡಿ ಹರಿದರೆ ಗಟ್ಟಿ ಇದೆ. ಸದ್ದೇ ಇಲ್ಲದೆ ಎರಡಾದರೆ ಅದನ್ನು ಹೂ ಕಟ್ಟಲು ಇಟ್ಟುಕೊಳ್ಳಿ. ಡಬ್ಬಿ ತೆರೆದಿಟ್ಟ ಸೂಜಿಗೂ ತುಕ್ಕು ಬರುತ್ತದೆ, ಕಣ್ಣಿಗೆ ಕಾಣದಷ್ಟು ತುಕ್ಕೂ ದಾರವನ್ನು ತಿನ್ನುತ್ತದೆ.

ದಾರ ಗಟ್ಟಿ ಇದ್ದೂ ತುಂಡಾಗುತ್ತಿದ್ದರೆ ಸೂಜಿಯ ಕಣ್ಣು ಸಣ್ಣದಾಗಿರಬಹುದು. ಅಥವಾ ದಾರ ರೀಲಿನ ಅಂಚಿನ ಸೀಳಿನಲ್ಲಿ ಸಿಕ್ಕಿಕೊಳ್ಳುತ್ತಿರಬಹುದು, ರೀಲನ್ನು ತಲೆಕೆಳಗು ಮಾಡಿ ನೋಡಿ.

ಜುಂಗು ಮತ್ತು ಎಣ್ಣೆ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಕೌದಿ ಹೊಲಿದಷ್ಟು ಜುಂಗು ಬ್ಲೌಸ್ ಹೊಲಿದರೆ ಬರುವುದಿಲ್ಲ. ಪ್ಲಗ್ ಕಿತ್ತು, ಸೂಜಿ ತಟ್ಟೆ ಬಿಚ್ಚಿ, ಬಟ್ಟೆ ಎಳೆಯುವ ಹಲ್ಲುಗಳ ಸಂದಿನದನ್ನು ಬ್ರಷ್ಷಿನಿಂದ ತೆಗೆಯಿರಿ. ಬಾಯಿಂದ ಊದಬೇಡಿ, ಜುಂಗು ಒಳಗೆ ಹೋಗುತ್ತದೆ, ಉಸಿರಿನ ತೇವವೂ ಹೋಗುತ್ತದೆ. ಎಣ್ಣೆ ಹಾಕುವ ಮಶೀನಾದರೆ ಮಶೀನೆಣ್ಣೆ ಮಾತ್ರ. ಪಕ್ಕದ ಮನೆಯ ವಹಿನಿ ಕೊಬ್ಬರಿ ಎಣ್ಣೆ ಹಾಕಿದ್ದರು, ಡಿಸೆಂಬರ್ ಚಳಿಗೆ ಅದು ಗಟ್ಟಿಯಾಗಿ ಚಕ್ರ ತಿರುಗಿಸುವುದೇ ಕಷ್ಟ ಆಯಿತು.

ಅಡಿಯ ಬಟ್ಟೆ ನೆರಿಗೆ ಬೀಳುವುದು

ಗುರುವಾರ ರಾತ್ರಿ ಮಶೀನು ಬೆಣ್ಣೆಯ ಹಾಗೆ ಓಡಿತು. ಶುಕ್ರವಾರ ಬೆಳಿಗ್ಗೆ ಕೌದಿ ತಿರುವಿ ಹಾಸಿದೆ. ಹೊಲಿಗೆ ಎಲ್ಲಾ ಸರಿ, ಆದರೆ ನಟ್ಟನಡುವೆ ಅಡಿಯ ಬಟ್ಟೆ ಮೂರು ಕಡೆ ಮಡಚಿಕೊಂಡು ಹೊಲಿಗೆಯೊಳಗೆ ಸೇರಿಬಿಟ್ಟಿತ್ತು. ಇದಕ್ಕೆ ಮಶೀನನ್ನು ಬೈದು ಪ್ರಯೋಜನ ಇಲ್ಲ.

ಮಶೀನಿನ ಹಲ್ಲು ಅಡಿಯ ಬಟ್ಟೆಯನ್ನು ಹಿಂದಕ್ಕೆ ಎಳೆಯುತ್ತದೆ, ಪಾದ ಮೇಲಿನ ಬಟ್ಟೆಯನ್ನು ಒತ್ತಿ ತಡೆಯುತ್ತದೆ. ಒಂದೊಂದು ಹೊಲಿಗೆಗೂ ಕೂದಲಷ್ಟು ವ್ಯತ್ಯಾಸ. ಎರಡು ಮೊಳ ಹೊಲಿಯುವ ಹೊತ್ತಿಗೆ ಮೇಲಿನದು ಒಂದು ಬೆರಳು ಮುಂದೆ ತಳ್ಳಿಕೊಂಡು ಬಂದಿರುತ್ತದೆ. ಮೇಲೂ ಹಲ್ಲಿರುವ ವಾಕಿಂಗ್ ಫೂಟ್ ಹಾಕಿದರೆ ಈ ಜಗ್ಗಾಟ ಬಹಳ ಕಡಿಮೆ ಆಗುತ್ತದೆ. ನೇರ ಗೆರೆಯ ಕೌದಿಗೆ ಹಣ ಹಾಕುವುದಿದ್ದರೆ ಅದಕ್ಕೆ ಹಾಕಿ, ಉಳಿದ ಬಣ್ಣಬಣ್ಣದ ಸಾಮಾನು ಆಮೇಲೆ. ಹೊಲಿಗೆಯ ಉದ್ದವನ್ನೂ ಎರಡೂವರೆಯಿಂದ ಮೂರು ಮಿಲಿಮೀಟರಿಗೆ ಏರಿಸಿ.

ನನ್ನ ಹತ್ತಿರ ವಾಕಿಂಗ್ ಫೂಟ್ ಇತ್ತು, ಆದರೂ ನೆರಿಗೆ ಬಿತ್ತು. ಕಾರಣ ಎರಡು.

ಒಂದು, ನಾನು ಅಂಚಿನಿಂದ ಶುರು ಮಾಡಿದ್ದೆ. ಬುಧವಾರದ ಮೊದಲ ಗೆರೆ ನಡುವಿನಿಂದಲೇ ಹೋಗಿತ್ತು. ಅದನ್ನು ಬಿಚ್ಚಿದ ಮೇಲೆ, ಹೇಗೂ ಹೊಸದಾಗಿ ಶುರು, ಚೆಂದ ಕಾಣಲಿ ಅಂತ ಅಂಚಿನಿಂದ ಒಳಗೆ ಚೌಕ ಚೌಕವಾಗಿ ಬಂದೆ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಕವಂದಿ, ಅಂದರೆ ಅವರ ಕೌದಿ, ಹೊಲಿಯುವುದು ಹಾಗೇ, ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಆದರೆ ಅದು ಕೈಹೊಲಿಗೆ. ಕೈ ಪ್ರತಿ ಹೊಲಿಗೆಗೂ ಬಟ್ಟೆಯನ್ನು ಸವರಿ ಸರಿಮಾಡುತ್ತದೆ, ಏನನ್ನೂ ಮುಂದೆ ತಳ್ಳುವುದಿಲ್ಲ. ಮಶೀನು ತಳ್ಳುತ್ತದೆ. ನಾಲ್ಕೂ ಕಡೆ ಹೊಲಿದು ಮುಚ್ಚಿದ ಮೇಲೆ ತಳ್ಳಿದ ಬಟ್ಟೆ ಹೋಗುವುದಾದರೂ ಎಲ್ಲಿಗೆ? ನಡುವಿನಲ್ಲಿ ಬಂದು ಗುಡ್ಡೆ ಬೀಳುತ್ತದೆ. ಹಾಗಾಗಿ ಮಶೀನಿನಲ್ಲಿ ಮೊದಲು ನಟ್ಟನಡುವೆ ಒಂದು ಉದ್ದ ಗೆರೆ, ಒಂದು ಅಡ್ಡ ಗೆರೆ ಹಾಕಿ. ಆಮೇಲೆ ನಾಲ್ಕೂ ಪಾಲುಗಳಲ್ಲಿ ನಡುವಿನಿಂದ ಹೊರಗೆ ಹೋಗಿ. ಪಕ್ಕಪಕ್ಕದ ಗೆರೆಗಳನ್ನು ಒಂದೇ ದಿಕ್ಕಿನಲ್ಲಿ ಹೊಲಿಯಿರಿ. ಒಂದು ಹೋಗುತ್ತಾ ಒಂದು ಬರುತ್ತಾ ಹೊಲಿದರೆ ಎರಡರ ನಡುವಿನ ಬಟ್ಟೆ ಓರೆಯಾಗಿ ಹಿಂಡಿದ ಹಾಗೆ ಕಾಣುತ್ತದೆ. ಗೆರೆ ನೇರ ಬರಲು ಪೇಂಟಿನವರು ಬಳಸುವ ಕಾಗದದ ಟೇಪ್ ಅಂಟಿಸಿ ಅದರ ಪಕ್ಕದಲ್ಲಿ ಹೋಗಿ, ಟೇಪಿನ ಮೇಲೆ ಹೊಲಿಯಬೇಡಿ.

ಎರಡನೆಯದು ಪಿನ್ನು. ಒಂದೊಂದು ಗೇಣಿಗೆ ಒಂದು ಸೇಫ್ಟಿ ಪಿನ್ ಹಾಕಿ ಕೈತೊಳೆದುಕೊಂಡಿದ್ದೆ. ಕೌದಿಯ ಮೇಲೆ ಎಲ್ಲೇ ಅಂಗೈ ಇಟ್ಟರೂ ಅದರ ಕೆಳಗೆ ಒಂದು ಪಿನ್ ಸಿಗಬೇಕು. ಇಳಕಲ್ ಸೀರೆಗಂತೂ ಇನ್ನೂ ಹುಷಾರು ಬೇಕು. ನನ್ನ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ಹತ್ತಿ ನಿಂತಲ್ಲಿ ನಿಲ್ಲುತ್ತದೆ, ರೇಷ್ಮೆ ಜಾರುತ್ತದೆ. ಒಂದೇ ಗೆರೆಯಲ್ಲಿ ಎರಡೂ ಬಂದರೆ ಮಶೀನಿಗೂ ಗೊಂದಲ. ಸೆರಗಿನ ತೇಪೆಗಳಿಗೆ ಕೈಯಿಂದ ಕಚ್ಚಾ ಹೊಲಿಗೆ ಹಾಕಿಕೊಳ್ಳಿ. ಹಳೇ ಸೀರೆಯ ಹತ್ತಿಯನ್ನು ತೆಳು ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಅರ್ಧ ಕಿರಿಕಿರಿ ಅಲ್ಲೇ ಕಡಿಮೆ.

ಪದರ ಜೋಡಿಸಲು ಜಾಗ ಬೇಕು, ನಮ್ಮದು ಒಂದು ಬೆಡ್‌ರೂಮಿನ ಮನೆ. ಸೋಫಾ ಬಾಗಿಲ ಹೊರಗೆ, ಯಜಮಾನರು ಬಾಲ್ಕನಿಯಲ್ಲಿ. ಅಡಿಯ ಬಟ್ಟೆಯನ್ನು ಉಲ್ಟಾ ಹಾಸಿ ನಾಲ್ಕೂ ಕಡೆ ನೆಲದ ಟೈಲಿಗೆ ಟೇಪ್ ಅಂಟಿಸಿ, ಹರವಿದ ಹಪ್ಪಳದ ಹಾಗೆ ಸಪಾಟಾಗಿರಬೇಕು, ಆದರೆ ಎಳೆದು ಬಿಗಿ ಮಾಡಬಾರದು. ಎಳೆದರೆ ಟೇಪ್ ಬಿಚ್ಚಿದ ಕೂಡಲೇ ಅದು ಕುಗ್ಗಿ ಮತ್ತೆ ನೆರಿಗೆ. ಒಳಗೆ ಪಾಲಿಯೆಸ್ಟರ್ ಶೀಟ್ ಹಾಕುವುದಾದರೆ ತೆಳ್ಳಗಿನದನ್ನೇ ಆರಿಸಿ, ದಪ್ಪದ್ದು ಪಾದದ ಕೆಳಗೆ ಸ್ಪಂಜಿನ ಹಾಗೆ ಒತ್ತಿ ಜರುಗುತ್ತದೆ, ಅದರ ಎಳೆಗಳು ಸೂಜಿ ತೂತಿನಿಂದ ಹೊರಗೂ ಇಣುಕುತ್ತವೆ. ನನ್ನನ್ನು ಕೇಳಿದರೆ ಕೂಸಿನ ಕೌದಿಗೆ ಎರಡು ಹಳೇ ಕಾಟನ್ ಸೀರೆಯಷ್ಟು ಒಳ್ಳೆಯ ಒಳಪದರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಇನ್ನೊಂದು ವಿಷಯ, ಭಾರ. ಕೌದಿ ಟೇಬಲ್ಲಿನ ಅಂಚಿನಿಂದ ಕೆಳಗೆ ಜೋತರೆ ಅದರ ತೂಕವೇ ಸೂಜಿಯನ್ನು ಜಗ್ಗುತ್ತದೆ. ಹೊಲಿಗೆ ಒಂದು ಕಡೆ ಉದ್ದ ಒಂದು ಕಡೆ ಗಿಡ್ಡ ಬರುತ್ತದೆ, ಸೂಜಿ ಬಾಗುತ್ತದೆ, ಮತ್ತೆ ಹೊಲಿಗೆ ಹಾರುವ ಕತೆ. ಟೇಬಲ್ಲನ್ನು ಗೋಡೆ ಮೂಲೆಗೆ ತಳ್ಳಿ, ಎಡಗಡೆ ಇಸ್ತ್ರಿ ಹಲಗೆಯನ್ನು ಅದೇ ಎತ್ತರಕ್ಕೆ ನಿಲ್ಲಿಸಿ ಭಾರ ಅದರ ಮೇಲಿಡಿ.

ಹೂಬಳ್ಳಿ ಹೊಲಿಯುವವರಿಗೆ

ಹಲ್ಲು ಇಳಿಸಿ ಕೈಯಿಂದಲೇ ಬಟ್ಟೆ ಆಡಿಸಿ ಬಳ್ಳಿ ಬಿಡಿಸುವ ಫ್ರೀ ಮೋಷನ್ನಿನಲ್ಲಿ ಹೊಸಬರಿಗೆ ಬರುವ ತೊಂದರೆ ಒಂದೇ. ನೇರ ಜಾಗದಲ್ಲಿ ಹೊಲಿಗೆ ಸರಿ, ತಿರುವಿನಲ್ಲಿ ಮಾತ್ರ ಅಡಿಯಲ್ಲಿ ಕಣ್ಣಿನ ರೆಪ್ಪೆಯ ಹಾಗೆ ದಾರ ಚಾಚಿರುತ್ತದೆ. ತಿರುವಿನಲ್ಲಿ ಮಾತ್ರ ಅಂದರೆ ತಪ್ಪು ಕೈಯದು, ತಿರುವು ಬಂದ ಕೂಡಲೇ ನಾವು ಬಟ್ಟೆಯನ್ನು ಸರ್‍ರನೆ ಎಳೆಯುತ್ತೇವೆ. ಕೈ ನಿಧಾನ ಮಾಡಿ, ಪೆಡಲ್ ಒಂದೇ ಸಮ ಇಡಿ. ಇಡೀ ಉದ್ದಕ್ಕೂ ರೆಪ್ಪೆ ಇದ್ದರೆ ಮಾತ್ರ ಮೇಲಿನ ಟೆನ್ಷನ್ ಅರ್ಧ ನಂಬರ್ ಏರಿಸಿ ನೋಡಿ. ಬಟ್ಟೆ ಕೈಗೆ ಜಾರಿದರೆ ನೋಟು ಎಣಿಸುವವರು ಬೆರಳಿಗೆ ಹಾಕುವ ರಬ್ಬರ್ ಟೊಪ್ಪಿಗೆ ತನ್ನಿ. ಮೊದಲ ಬಳ್ಳಿಯನ್ನು ಕೌದಿಯ ಮೇಲೆ ಬಿಡಿಸಬೇಡಿ, ಕುಶನ್ ಕವರ್ ಅಳತೆಯ ತುಂಡಿನ ಮೇಲೆ ಕೈ ಪಳಗಲಿ.

ರಿಪೇರಿಯವರನ್ನು ಕರೆಯಬೇಕಾದದ್ದು

ದಾರ ಸರಿ, ಹೊಸ ಎಚ್‌ಎ ಸೂಜಿ ಸರಿ ಕೂತಿದೆ, ಜುಂಗು ತೆಗೆದಾಗಿದೆ, ಆದರೂ ಸಾದಾ ಎರಡು ಪದರ ಹತ್ತಿಯ ಮೇಲೂ ಹೊಲಿಗೆ ಹಾರುತ್ತಿದ್ದರೆ, ಅದೂ ಸೂಜಿ ಮುರಿದ ಮೇಲೆ ಶುರುವಾಗಿದ್ದರೆ, ಶಟಲ್ಲಿನ ಟೈಮಿಂಗ್, ಅಂದರೆ ಸೂಜಿಯ ಜೊತೆ ಅದರ ಹೊಂದಾಣಿಕೆ, ತಪ್ಪಿರಬಹುದು. ಸೂಜಿ ಇಳಿಯುವಾಗ ಲೋಹಕ್ಕೆ ತಾಗಿ ಟಕ್ ಅನ್ನುತ್ತಿದ್ದರೂ ನಿಲ್ಲಿಸಿ. ಅವು ಮನೆಯ ಕೆಲಸ ಅಲ್ಲ. ಕರೆದಾಗ ‘ಸರಿಯಾಗಿ ಹೊಲಿಯುತ್ತಿಲ್ಲ’ ಅನ್ನುವ ಬದಲು ಎರಡು ಬಣ್ಣದ ಪಟ್ಟಿ ಅವರ ಕೈಗೆ ಕೊಡಿ.

ನಾನು ಆ ಶುಕ್ರವಾರ ಮೂರು ನೆರಿಗೆಯಲ್ಲಿ ಎರಡನ್ನು ಬಿಚ್ಚಿ ಹೊಲಿದೆ. ಮೂರನೆಯದು ಸೆರಗಿನ ರೇಷ್ಮೆ ಕೆಳಗಿತ್ತು. ಬಿಚ್ಚಿದರೆ ಸೂಜಿ ತೂತು ಹಾಗೇ ಉಳಿಯುತ್ತದೆ, ಅವ್ವನ ಸೀರೆ. ಅದರ ಮೇಲೆ ಒಂದು ಮುಕ್ಕೋಣ ತೇಪೆ ಕೈಯಿಂದ ಹಚ್ಚಿದೆ. ಧಾರವಾಡದಲ್ಲಿ ಕೌದಿ ಬಿಚ್ಚಿ ಹಾಸಿದಾಗ ಎಲ್ಲರೂ ಮೊದಲು ಬೆರಳಿಟ್ಟು ‘ಇದು ಚೆಂದ ಐತಿ ನೋಡು’ ಅಂದದ್ದು ಆ ತೇಪೆಗೇ.